ಜಾರಬೇಕಾದ ಕ್ಲಚ್ಚು

ಹತ್ತೊಂಬತ್ತು ವರ್ಷ ಬೈಕುಗಳ ಹೊಟ್ಟೆ ಬಗೆದಿದ್ದ ಕ್ಲಚ್ಚಕ್ಕನಿಗೆ ಸುಟ್ಟ ಎಣ್ಣೆಯ ನಾತ ಎಂದೋ ಒಗ್ಗಿಹೋಗಿತ್ತು. ಒಗ್ಗದೆ ಉಳಿದದ್ದು ಸ್ವಂತ ಅಣ್ಣನ ಕೆಲಸ. ಗ್ಯಾರೇಜು ಅವನದು, ಬಾಯಿಯೂ ಅವನದು, ಬೆವರು ಮಾತ್ರ ಇವಳದು. ಬೋಲ್ಟು ಬಿಗಿಯಾದರೆ ಸುತ್ತಿಗೆ, ವೈರು ಕಿತ್ತರೆ ಟೇಪು, ಏನೂ ತೋಚದಿದ್ದರೆ ವೆಲ್ಡಿಂಗು. ಅವನ ವಿದ್ಯೆ ಅಲ್ಲಿಗೆ ಮುಗಿಯುತ್ತಿತ್ತು. ಗಿರಾಕಿಗಳ ಮುಂದೆ ಮಾತ್ರ ಬೈಕನ್ನು ತಾನೇ ಹೆತ್ತವನಂತೆ ಕೊಚ್ಚಿಕೊಳ್ಳುತ್ತಿದ್ದ.

ಒಂದು ದಿನ, ಆಸ್ಪತ್ರೆಗಳಿಂದ ಲ್ಯಾಬಿಗೆ ತನ್ನ ಸ್ವಂತ ಬೈಕಿನಲ್ಲಿ ರಕ್ತದ ಸ್ಯಾಂಪಲ್ ಒಯ್ಯುವ ಸವಾರನೊಬ್ಬ ಬಂದ. ವೇಗದಲ್ಲಿದ್ದಾಗ ಪಟಪಟನೆ ಗೇರು ಇಳಿಸಿದರೆ ಕ್ಲಚ್ಚಿನ ಹಿಡಿ ಬೆರಳಿಗೆ ಅದುರುತ್ತದೆ ಎಂಬುದು ಅವನ ದೂರು. ಅದು ದೋಷವೇ ಅಲ್ಲವೆಂದು ಇವಳಿಗೆ ಗೊತ್ತಿತ್ತು. ಹಾಗೆ ಗೇರು ಇಳಿಸಿದಾಗ ಹಿಂದಿನ ಚಕ್ರವೇ ಇಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಇಂಜಿನ್ನು ಮೊಂಡು ಹಿಡಿದರೆ ಚಕ್ರ ಕಚ್ಚಿಕೊಂಡು ಕುಪ್ಪಳಿಸುತ್ತದೆ. ಆ ಬೈಕಿನದು ಸ್ಲಿಪ್ಪರ್ ಕ್ಲಚ್ಚು, ಇಂಥ ಹೊತ್ತಲ್ಲಿ ಜಾರಲೆಂದೇ ಮಾಡಿದ್ದು. ಅದರ ನಡುವೆ ಪ್ಲೇಟುಗಳನ್ನು ಹೊತ್ತ ಲೋಹದ ಗುಂಬವಾದ ಹಬ್ಬು ಎರಡು ತುಂಡು, ನಡುವೆ ಓರೆಯಾದ ಹಲ್ಲುಗಳು. ಚಕ್ರದ ಕಡೆಯಿಂದ ಒತ್ತಡ ಬಂದರೆ ಒಂದು ತುಂಡು ಇನ್ನೊಂದರ ಓರೆಯ ಮೇಲೆ ಹತ್ತಿ, ಪ್ಲೇಟುಗಳ ಹಿಡಿತವನ್ನು ಒಂದಿಷ್ಟು ಸಡಿಲಿಸುತ್ತದೆ. ಪ್ಲೇಟು ಜಾರುತ್ತದೆ, ಚಕ್ರ ನೆಟ್ಟಗೆ ಉರುಳುತ್ತದೆ. ಹಿಡಿ ಅದುರುವುದು ಅದಕ್ಕೇ.

ಇದನ್ನೆಲ್ಲ ಅಣ್ಣನಿಗೆ ಬಿಡಿಸಿ ಹೇಳಿದಳು. ಅವನು ಹಲ್ಲಿಗೆ ಕಡ್ಡಿ ಹಾಕಿಕೊಂಡು, "ಜಾರೋದು ಯಾವ ಸೀಮೆ ಕ್ಲಚ್ಚೇ?" ಎಂದ. ಇವಳು ಊಟ ಮುಗಿಸಿ ಬರುವಷ್ಟರಲ್ಲಿ ಎರಡೂ ತುಂಡುಗಳನ್ನು ಸೇರಿಸಿ ಬೆಸುಗೆ ಹಾಕಿಬಿಟ್ಟಿದ್ದ. ಅಷ್ಟು ಅಂದವಾಗಿ ಯಾರೋ ಕೂಡಿಸಿದ್ದ ವಸ್ತುವಿನ ಮೇಲೆ ಮೂಗಿನ ಸಿಂಬಳದ ಹಾಗೆ ಬೆಸುಗೆ ಅಂಟಿತ್ತು. ಇನ್ನೊಂದು ಹಬ್ಬು ತರಿಸೋಣ ಎಂದಳು. ಗಿರಾಕಿ ಕಾಯುತ್ತಿದ್ದಾನೆ, ಮುಚ್ಚು ಎಂದ ಅಣ್ಣ. ಜಗಳಕ್ಕೆ ಬೇಸತ್ತು, ಕವರು ಇಟ್ಟು ಬೋಲ್ಟು ಬಿಗಿದಳು.

ಎಂಟನೇ ದಿನ ಇಳಿಜಾರಿನ ತಿರುವಿನಲ್ಲಿ ಚಕ್ರ ಕಚ್ಚಿಕೊಂಡು ಸವಾರ ಬಿದ್ದ. ಹೆಗಲ ಮೂಳೆ ಮುರಿಯಿತು. ಇದ್ದ ಸ್ಯಾಂಪಲ್‌ಗಳೆಲ್ಲ ಒಡೆದವು. ಅಡ್ಡಾದಿಡ್ಡಿ ಓಡಿಸಿದ್ದಾನೆ, ಕೆಲಸದಿಂದ ತೆಗೆಯಬೇಕು ಎಂದು ಲ್ಯಾಬಿನ ಮ್ಯಾನೇಜರು ಗ್ಯಾರೇಜಿನ ವರದಿ ಕೇಳಿದ. ಬೈಕಿನಲ್ಲಿ ಯಾವ ದೋಷವೂ ಇರಲಿಲ್ಲವೆಂದು ಅಣ್ಣ ಚೊಕ್ಕವಾಗಿ ಬರೆಸಿ, ಬಿಚ್ಚಿ ಜೋಡಿಸಿದವಳೆಂದು ತಂಗಿಯ ಸಹಿಗೆ ಇಟ್ಟ. ನಮ್ಮ ಹೆಸರು ಹಾಳಾಗಬಾರದು, ಅವನಿಗೆ ಇನ್ನೆಲ್ಲಾದರೂ ಕೆಲಸ ಸಿಗುತ್ತೆ ಎಂದು ನಗುತ್ತಲೇ ಹೇಳಿದ. ಆ ನಗು ಕಂಡು ಅವಳಿಗೆ ಮೈಯೆಲ್ಲ ಉರಿಯಿತು. ಜೊತೆಗೆ ಹುಟ್ಟಿದವನು ಎನ್ನಲೂ ಅಸಹ್ಯವಾಯಿತು.

ಸಹಿ ಹಾಕಲಿಲ್ಲ. ಬಿದ್ದ ಮೇಲೆ ಗ್ಯಾರೇಜಿಗೆ ತಂದು ನಿಲ್ಲಿಸಿದ್ದ ಬೈಕಿನಿಂದ ಹಬ್ಬು ಬಿಚ್ಚಿ, ಎಣ್ಣೆ ಸೋರುವಂತೆಯೇ ಲ್ಯಾಬಿಗೆ ಒಯ್ದು ಮ್ಯಾನೇಜರ ಮೇಜಿನ ಮೇಲೆ ಇಟ್ಟಳು. ಅವನು ಮುಖ ಸಿಂಡರಿಸಿ ಕಾಗದಗಳನ್ನು ಪಕ್ಕಕ್ಕೆ ಎಳೆದುಕೊಂಡ. ಎದುರಿನ ಕುರ್ಚಿಯಲ್ಲಿ ಸವಾರ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ.

"ಈ ಎರಡು ತುಂಡು ಬೇರೆ ಬೇರೆ ಇರ್ಬೇಕಿತ್ತು ಸಾರ್. ಬೆಸುಗೆ ಹಾಕಿದ್ದು ನಮ್ಮಣ್ಣ," ಎಂದಳು. "ನೋಡಿನೂ ಕವರ್ ಮುಚ್ಚಿದ್ದು ನಾನು. ಇವರ ತಪ್ಪು ಒಂಚೂರೂ ಇಲ್ಲ."

ಮ್ಯಾನೇಜರು ಏನೋ ಬರೆದುಕೊಳ್ಳತೊಡಗಿದ. ಸವಾರ ಬೈಯುತ್ತಾನೆಂದು ಅವಳು ತಲೆ ತಗ್ಗಿಸಿ ನಿಂತಳು. ಅವನು ಪಟ್ಟಿಯಿಲ್ಲದ ಕೈಯಿಂದ ಹಬ್ಬನ್ನು ಹತ್ತಿರಕ್ಕೆಳೆದುಕೊಂಡು ಬೆಸುಗೆಯ ಮೇಲೆ ಬೆರಳಾಡಿಸಿದ.

"ನಂಗೇ ಗಾಡಿ ಓಡಿಸೋಕೆ ಬರಲ್ವೇನೋ ಅಂದ್ಕೊಂಡು," ಎಂದ, "ನಿನ್ನೆ ತಾನೇ ಬೈಕ್ ಮಾರಿಬಿಡು ಅಂತ ಹೆಂಡ್ತಿಗೆ ಹೇಳಿದ್ದೆ."