ಚಿಕ್ಕವ್ವ ಕಟ್ಟಿದ ಕೊನೆ

ಮೊನ್ನೆ ದಸರಾ ರಜೆಯಲ್ಲಿ, ಗುತ್ತಲಿನ ನಮ್ಮ ಮನೆಯ ಟಿ.ವಿ.ಯೊಳಗಿಂದ ಕತ್ತೆಯೊಂದು ಅರಚಿತು. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ನನ್ನ ಕೈ ನಿಂತೇಹೋಯಿತು. ದನಿ ಕೇಳಿ ಇಂಥದ್ದೇ ಕತ್ತೆ ಎಂದು ಹೇಳುವ ವಿದ್ಯೆ ನನಗಿದೆ ಎಂದುಕೊಳ್ಳಬೇಡಿ. ಈ ಒಂದು ಕತ್ತೆಯನ್ನು ಮಾತ್ರ ನಾನು ಮರೆತಿಲ್ಲ. ಒಂಬತ್ತು ವರ್ಷದವಳಿದ್ದಾಗ ಮದ್ದೂರಿನ ಟಾಕೀಸಿನಲ್ಲಿ ನೋಡಿ, ಅತ್ತು, ರಂಪ ಮಾಡಿ, ಇನ್ನು ಜನ್ಮದಲ್ಲಿ ನೋಡುವುದಿಲ್ಲ ಎಂದು ಆಣೆಯಿಟ್ಟಿದ್ದ ಮಕ್ಕಳ ಸಿನಿಮಾ ಅದು. ಮಗಳು ಎಲ್ಲಿಂದಲೋ ಹುಡುಕಿ ಹಾಕಿದ್ದಳು. ಅವಳ ಪಕ್ಕದಲ್ಲಿ, ನಾಲ್ಕು ದಿನ ಇದ್ದು ಹೋಗಲು ಕೊಪ್ಪದಿಂದ ಬಂದಿದ್ದ ನನ್ನ ಚಿಕ್ಕವ್ವ ಕಾಲು ಚಾಚಿ ಕೂತಿದ್ದಳು. ಅವತ್ತು ನಾನು ರಂಪ ಮಾಡಿದ್ದು ಈ ಚಿಕ್ಕವ್ವನ ಮೇಲೆಯೇ.

ಬೇಸಿಗೆ ರಜೆ ಬಂತೆಂದರೆ ನನ್ನನ್ನೂ ತಮ್ಮ ಮಂಜನನ್ನೂ ಮಳವಳ್ಳಿಯಿಂದ ಕೊಪ್ಪಕ್ಕೆ ಸಾಗಹಾಕುತ್ತಿದ್ದರು. ಚಿಕ್ಕವ್ವನಿಗೂ ಇಬ್ಬರು ಗಂಡುಮಕ್ಕಳು. ನಾಲ್ಕು ಮಕ್ಕಳನ್ನು ಬಿಸಿಲಿಗೆ ಬಿಡದೆ ಒಳಗೆ ಹಿಡಿದಿಡುವುದು ಹುಡುಗಾಟವೇ? ಚಿಕ್ಕವ್ವ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಮಧ್ಯಾಹ್ನ ಮುದ್ದೆ ಉಂಡಾದ ಮೇಲೆ ಮಿಷನ್ನಿಗೆ ಒಂದು ಗಂಟೆ ರಜೆ ಕೊಟ್ಟು, ರಟ್ಟು ಕಿತ್ತ ಒಂದು ಕಥೆ ಪುಸ್ತಕ ತೆಗೆಯುತ್ತಿದ್ದಳು. ಅವಳ ಓದು ಏಳನೇ ಕ್ಲಾಸಿಗೇ ನಿಂತಿತ್ತು. ಆದರೆ ಅವಳಂತೆ ಓದುವ ಮೇಷ್ಟರನ್ನು ನಾನು ಆಮೇಲೂ ಕಂಡಿಲ್ಲ. ಅಜ್ಜಿಗೊಂದು ದನಿ, ದೋಣಿಯವನಿಗೊಂದು ದನಿ. ಕತ್ತೆ ಅರಚುವ ಜಾಗ ಬಂದರೆ ಪಕ್ಕದ ಮನೆಯ ಎಮ್ಮೆ ಹಗ್ಗ ಜಗ್ಗುತ್ತಿತ್ತು.

ಕಥೆ ಇಷ್ಟೇ. ರಜೆಗೆ ಅಜ್ಜಿಯ ಊರಿಗೆ ಹೋದ ಅಣ್ಣ-ತಂಗಿ ಅಲ್ಲಿನ ಮುದಿ ಕತ್ತೆಯೊಂದರ ಸ್ನೇಹ ಮಾಡುತ್ತಾರೆ. ಹೊಳೆಯಲ್ಲಿ ನೀರು ಏರಿ ಕತ್ತೆ ಕಾಣೆಯಾಗುತ್ತದೆ. ಇಬ್ಬರೂ ಹುಡುಕಿಕೊಂಡು ಹೊರಡುತ್ತಾರೆ. ಎಲ್ಲಿಯೂ ಸಿಕ್ಕುವುದಿಲ್ಲ. ಆದರೆ ಶಾಲೆ ಶುರುವಾದ ದಿನ ಮೇಷ್ಟ್ರು ಹಾಜರಿ ಕೂಗುವಾಗ ಕಿಟಕಿಯಾಚೆ ಕತ್ತೆ ಅರಚುತ್ತದೆ! ಕನ್ನಡಕ ಮರೆತು ಬಂದಿದ್ದ ಮೇಷ್ಟ್ರು ಅದಕ್ಕೂ ಹಾಜರಿ ಹಾಕುತ್ತಾರೆ. ಮೂರು ಬೇಸಿಗೆ ಇದನ್ನೇ ಕೇಳಿದೆವು. ಮೂರು ಬೇಸಿಗೆಯೂ ಹೊಟ್ಟೆ ಹಿಡಿದು ನಕ್ಕೆವು.

ಆ ಪುಸ್ತಕ ಸಿನಿಮಾ ಆಗಿ ಮದ್ದೂರಿಗೆ ಬಂದಿದೆ ಎಂದು ತಿಳಿದ ದಿನ ನಮಗಿಂತ ಚಿಕ್ಕವ್ವನೇ ಹೆಚ್ಚು ಕುಣಿದಳು. ಯಾರದೋ ಮದುವೆ ರವಿಕೆಯನ್ನು ಅರ್ಧಕ್ಕೆ ಬಿಟ್ಟು, ನಾಲ್ವರಿಗೂ ತಲೆ ಬಾಚಿ, ಬಸ್ಸು ಹತ್ತಿಸಿದಳು. ಮಧ್ಯಾಹ್ನದ ಆಟ. ನಮಗೆಲ್ಲ ಕಥೆ ಬಾಯಿಪಾಠ. ಮುಂದಿನ ಸಾಲಿನವರಿಗೆ ಮುಂದೇನಾಗುತ್ತದೆ ಎಂದು ಮೊದಲೇ ಹೇಳಿ ಹೇಳಿ ಬೈಸಿಕೊಂಡೆವು.

ಕೊನೆ ಬಂತು. ಶಾಲೆಯೂ ಇಲ್ಲ, ಮೇಷ್ಟ್ರೂ ಇಲ್ಲ. ಅಣ್ಣ-ತಂಗಿ ಹೊಳೆಯಾಚೆ ಕತ್ತೆಯನ್ನು ಕಾಣುತ್ತಾರೆ. ಅದು ನಡೆಯಲಾಗದ ಪುಟ್ಟ ಹುಡುಗಿಯೊಬ್ಬಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೋಗುತ್ತಿರುತ್ತದೆ. ಇವರು ಕೂಗುವುದೂ ಇಲ್ಲ. ಸುಮ್ಮನೆ ದೋಣಿ ಹತ್ತಿ ವಾಪಸು ಬರುತ್ತಾರೆ. ಮುಗಿಯಿತು, ದೀಪ ಹತ್ತಿತು.

"ಕತ್ತೆ ಮನೆಗ್ ಬರ್ನೇ ಇಲ್ಲ!" ಎಂದು ಮಂಜ ಕಿರುಚಿದ. "ಸಿನ್ಮಾದೋರು ತಪ್ಪು ಮಾಡವ್ರೆ!" ಎಂದು ನಾನು ಬೆಂಚಿನ ಮೇಲೆ ಹತ್ತಿ ನಿಂತೆ. ಚಿಕ್ಕವ್ವ ನಮ್ಮನ್ನು ದರದರ ಎಳೆದುಕೊಂಡು ಹೊರಗೆ ಬಂದಳು. ಬಸ್‌ಸ್ಟ್ಯಾಂಡಿನಲ್ಲಿ ನಾಲ್ವರ ಕೈಗೂ ಒಂದೊಂದು ವಡೆ ಕೊಟ್ಟಳು. ಯಾರೂ ಬಾಯಿಗೆ ಇಡಲಿಲ್ಲ. ಆಗ ಮೆಲ್ಲಗೆ ಹೇಳಿದಳು.

"ತಪ್ಪು ಅವ್ರುದಲ್ಲ ಕಣ್ರಲಾ, ನಂದು. ಆ ಪುಸ್ತಕ್ದಲ್ಲಿ ಕೊನೆ ಆಳೆಗಳೇ ಇರ್ನಿಲ್ಲ. ಅಂಗಡಿಯೋನು ಕಳ್ಳೇಕಾಯಿ ಕಟ್ಟಕ್ಕೆ ಅರ್ದ್‌ಬುಟ್ಟಿದ್ದ. ಮಿಕ್ಕಿದ್ದ ನಾನು ಈಸ್ಕಬಂದೆ. ಕೊನೇದ ನಾನೇ ಕಟ್ಟಿ ಯೋಳ್ತಿದ್ದೆ."

ಈಗಾದರೆ ಇಂಥ ಮಾತು ಕೇಳಿ ಅವಳನ್ನು ತಬ್ಬಿಕೊಳ್ಳುತ್ತಿದ್ದೆ. ಆಗ ನಾನು ಸತ್ಯಕ್ಕೆ ಬಹಳ ಕಟ್ಟುನಿಟ್ಟಾಗಿದ್ದೆ, ನಮ್ಮ ಅವ್ವನ ಸಕ್ಕರೆ ಡಬ್ಬಿಯ ವಿಷಯವೊಂದನ್ನು ಬಿಟ್ಟು. "ಸುಳ್ಳಿ! ಮೂರ್ ವರ್ಸ ಸುಳ್ ಯೋಳಿದ್ದೀಯ!" ಎಂದು ಬಸ್‌ಸ್ಟ್ಯಾಂಡಿನ ಜನವೆಲ್ಲ ತಿರುಗಿ ನೋಡುವಂತೆ ಕೂಗಿದೆ. ಚಿಕ್ಕವ್ವ ತಲೆ ತಗ್ಗಿಸಿದಳು. ಮರುದಿನ ಅವಳು ಪುಸ್ತಕ ತೆಗೆದಾಗ ನಾನು ಎದ್ದು ಜಗಲಿಗೆ ಹೋದೆ. ಉಳಿದ ಮೂವರೂ ನನ್ನ ಹಿಂದೆಯೇ ಬಂದರು. ಆಮೇಲೆ ಅವಳು ಪುಸ್ತಕ ತೆಗೆಯಲೇ ಇಲ್ಲ. ರಜೆ ಮುಗಿಯುವವರೆಗೂ ಮಧ್ಯಾಹ್ನದಲ್ಲಿ ಮಿಷನ್ನಿನ ಸದ್ದೊಂದೇ ಕೇಳುತ್ತಿತ್ತು. ಅದರ ಮುಂದಿನ ಬೇಸಿಗೆಯಲ್ಲೂ ಅಷ್ಟೇ. ಓದು ಎಂದು ನಾನೂ ಕೇಳಲಿಲ್ಲ. ಕೇಳಬೇಕೆಂದು ಎಷ್ಟೋ ಸಲ ಬಾಯಿಯವರೆಗೆ ಬಂದಿತ್ತು.

ಇದೆಲ್ಲ ನೆನಪಾಗಿ, ಮೊನ್ನೆ ಈಳಿಗೆಮಣೆ ಮಡಿಚಿಟ್ಟು ನಾನೂ ಹೋಗಿ ಟಿ.ವಿ. ಮುಂದೆ ಕೂತೆ. ಕತ್ತೆ ದೋಣಿಯವನ ಪೇಟ ತಿಂದುಹಾಕುವ ದೃಶ್ಯಕ್ಕೆ ಕಾದೆ. ಬರಲಿಲ್ಲ.

"ಚಿಕ್ಕವ್ವ, ಪೇಟ ತಿನ್ನೋದೆಲ್ಲಿ?"

"ಅದೂ ನಂದೇ ಕಣವ್ವ," ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು.

ಅಜ್ಜಿ ದೋಣಿಯವನ ಜೊತೆ ಜಗಳವಾಡುವುದು? ಅದೂ ಅವಳದೇ. ಪುಸ್ತಕದ ಮೊದಲ ಪುಟಗಳೆಲ್ಲ ಕಣ್ಣೆದುರಿಗೇ ಇದ್ದರೂ ತನ್ನದನ್ನು ಸೇರಿಸದೆ ಇರಲು ಅವಳಿಗೆ ಆಗಿರಲಿಲ್ಲ. ನಾನು ಇಷ್ಟು ವರ್ಷ ಸಿನಿಮಾದ್ದೆಂದು ನೆನಪಿಟ್ಟುಕೊಂಡಿದ್ದರಲ್ಲಿ ಅರ್ಧ ಕೊಪ್ಪದ ಆ ನಡುಮನೆಯಲ್ಲಿ ಹುಟ್ಟಿದ್ದು.

ಕೊನೆ ಹತ್ತಿರವಾಯಿತು. "ಅವತ್ತು ನಿಂಗೆ ಈ ಕೊನೆ ಹಿಡಿಸ್ತಾ ಚಿಕ್ಕವ್ವ?" ಎಂದೆ.

"ನಾನೆಲ್ಲಿ ನೋಡ್ದೆ? ಪುಸ್ತಕ ಸಿಕ್ದಾಗ್ನಿಂದ ಅದೇನಾಯ್ತೋ ಅಂತ ಒದ್ದಾಡ್ಕಂಡಿದ್ದೆ. ನೋಡ್ಬುಡನ ಅಂತ್ಲೇ ನಿಮ್ಮುನ್ನ ಕರ್ಕೊಂಡ್ ಬಂದಿದ್ದು. ಅಷ್ಟೊತ್ಗೆ ಮಂಜ ಅಳಕ್ಕೆ ಸುರು ಮಾಡ್ದ. ನಾನು ನಿನ್ ಮುಖಾನೇ ನೋಡ್ತಾ ಕೂತೆ. ಇನ್ನೆಲ್ಲಿ ಸಿನ್ಮಾ?"

ಮಗಳು "ಶ್!" ಎಂದಳು. ಹೊಳೆಯಾಚೆ ಕತ್ತೆ ಕಂಡಿತು, ಅದರ ಬೆನ್ನ ಮೇಲೆ ಆ ಹುಡುಗಿ. ಚಿಕ್ಕವ್ವ ಮುಂದಕ್ಕೆ ಬಾಗಿ, ಕನ್ನಡಕ ಮೇಲೆ ತಳ್ಳಿ, ರೆಪ್ಪೆ ಹೊಡೆಯದೆ ನೋಡಿದಳು. ದೋಣಿ ಇತ್ತ ತಿರುಗಿತು.

"ಚೆನ್ನಾಗದೆ," ಎಂದಳು. ಕನ್ನಡಕ ತೆಗೆಯುತ್ತಾ, "ನಂದ್ಕಿಂತ್ಲೂ ಚೆನ್ನಾಗದೆ."

"ಇಲ್ಲ ಚಿಕ್ಕವ್ವ, ನಿಂದೇ ಚೆನ್ನಾಗಿತ್ತು. ಅವತ್ತು ನಾನು ಹಂಗೆ ಅನ್ನಬಾರದಾಗಿತ್ತು."

"ಅಯ್, ಬುಡವ್ವ. ಮಕ್ಳು ಅಂದಿದ್ದ ಯಾರ್ ಗಂಟ್ ಕಟ್ಕತಾರೆ?" ಎಂದವಳು, ಕಣ್ಣೊರೆಸಿಕೊಂಡು ನನ್ನ ಮಗಳ ಕಡೆ ತಿರುಗಿದಳು. "ಮಗ, ಆ ದೋಣಿ ಹತ್ತೋದ ಇನ್ನೊಂದ್ಸತಿ ಆಕು. ನಿಮ್ಮವ್ವ ಮಾತಾಡ್ಸಿ ಕೆಡಿಸ್ಬುಟ್ಳು."

ಮಗಳು ಹಿಂದಕ್ಕೆ ಓಡಿಸಿದಳು. ಈ ಸಲ ನಾನು ಬಾಯಿ ಮುಚ್ಚಿಕೊಂಡು ನೋಡಿದೆ. ನಿಜ ಹೇಳುತ್ತೇನೆ, ಚೆನ್ನಾಗಿಯೇ ಇತ್ತು.