ದೊಡ್ಡವ್ವ ಕಣ್ಣು ತೆರೆಸಿದ ದೇವಿ

ಮೊನ್ನೆ ಭಾಗ್ಯನಗರದ ನಮ್ಮ ಓಣಿಯಲ್ಲಿ ಯಾರದೋ ಮನೆಯಿಂದ ಹುಣಸೆ ಬೀಜದ ಅಂಟು ಕುದಿಯುವ ವಾಸನೆ ಬಂತು. ಕಾಲು ಅಲ್ಲೇ ನಿಂತವು. ಪಕ್ಕದ ಮನೆಯ ದೊಡ್ಡವ್ವ ತೀರಿಕೊಂಡ ಮೇಲೆ ಆ ವಾಸನೆಯನ್ನು ಮರೆತೇಬಿಟ್ಟಿದ್ದೆ...

ದೊಡ್ಡವ್ವನ ತವರು ಕಿನ್ನಾಳ. ಕಟ್ಟಿಗೆಗೆ ಅಂಟು ಬಳಿದು, ಬಣ್ಣ ಹಚ್ಚಿ ದೇವರು ಮಾಡುವ ಮನೆತನ. ಮದುವೆಯಾಗಿ ಬಂದ ಮೇಲೂ ಆಕೆ ಆ ಕೆಲಸ ಬಿಟ್ಟಿರಲಿಲ್ಲ. ಒಂದು ದಿನ ದೆಹಲಿಯ ರಾಷ್ಟ್ರೀಯ ಕಲಾ ಸಂಗ್ರಹಾಲಯದಿಂದ ಅಧಿಕಾರಿಯೊಬ್ಬರು ಬಂದು, ಆಳೆತ್ತರದ ದೇವಿಯನ್ನು ಮಾಡಿಕೊಡಿ ಎಂದು ಕೇಳಿದರು. ಹೆಂಗಸು, ಮಾತು ಮೆತ್ತಗೆ. ದೊಡ್ಡವ್ವ ಒಪ್ಪಿದಳು. ಮೂರ್ತಿ ಲಾರಿಯಲ್ಲಿ ಹೋಯಿತು, ಕಣ್ಣು ಮಾತ್ರ ಬರೆದಿರಲಿಲ್ಲ. ದೇವರು ನಿಲ್ಲುವ ಜಾಗದಲ್ಲೇ ಕಣ್ಣು ತೆರೆಸಬೇಕೆಂಬುದು ಅವರ ಮನೆಯ ಪದ್ಧತಿ. ಹೀಗಾಗಿ ಆಕೆಯೇ ಹೊರಡಬೇಕಾಯಿತು. ಇರಕಲ್ಲಗಡದ ಸಾಲೆಯಲ್ಲಿ ಹಿಂದಿ ಕಲಿಸುತ್ತಿದ್ದ ನಾನು ಜೊತೆಯಾದೆ.

ಅಧಿಕಾರಿ ನಮ್ಮನ್ನು ಕೋಣೆ ಕೋಣೆ ಸುತ್ತಿಸಿದರು. ಸಂಗ್ರಹಾಲಯ ಶುರುವಾದದ್ದು ಒಂದು ಹಳೆಯ ಬಂಗಲೆಯಲ್ಲಂತೆ. ಆಗ ಗೋಡೆಯ ತುಂಬ ರಾಜರು, ಸಾಹೇಬರ ಎಣ್ಣೆಬಣ್ಣದ ಚಿತ್ರಗಳೇ. ಆಮೇಲೆ ಹೊಸ ಕಾಲದ ಕಲಾವಿದರು ಬಂದರು, ಗೋಡೆ ಸಾಲದೆ ಹಿಂದೊಂದು ದೊಡ್ಡ ಕಟ್ಟಡ ಎದ್ದಿತು, ಶಿಲ್ಪಗಳು ಬಂದವು. ಹಳ್ಳಿಯವರ ಕೈಕೆಲಸವೂ ಕಲೆಯೇ ಎಂದು ಒಪ್ಪಲು ಬಹಳ ವರ್ಷ ಹಿಡಿಯಿತು ಎಂದು ಅವರೇ ಹೇಳಿದರು. ನಮ್ಮ ದೇವಿಯ ಕೋಣೆ ಎಲ್ಲಕ್ಕಿಂತ ಕೊನೆಯದು, ನೆಲಮಾಳಿಗೆಯಲ್ಲಿ.

ಕುರ್ಚಿ ತರಿಸಲು ಅವರು ಮೇಲೆ ಹೋದರು. ನಾವಿಬ್ಬರೂ ಆ ಕಣ್ಣಿಲ್ಲದ ಮುಖ ನೋಡುತ್ತ ಅಲುಗಾಡದೆ ನಿಂತೆವು. ಥಟ್ಟನೆ ದೀಪಗಳೆಲ್ಲ ಆರಿದವು! ದೊಡ್ಡವ್ವ ಚೀರಿ ನನ್ನ ತೋಳು ಹಿಡಿದಳು. ಉಗುರು ನಾಟಿ ರಕ್ತ ಬಂತು. ಗಾಬರಿಯಲ್ಲಿ ನಾನು ಕೈ ಬೀಸಿದೆ, ಬೆಳಕು ಮರಳಿತು. ಜನರ ಓಡಾಟ ಇಲ್ಲದಾಗ ದೀಪ ತಾನೇ ಆರುತ್ತದೆ, ಬಣ್ಣ ಮಾಸದಿರಲೆಂದು ಹಾಗೆ ಮಾಡಿದ್ದೇವೆ ಎಂದು ಅಧಿಕಾರಿ ಬಂದು ವಿವರಿಸಿದರು.

"ಹಂಗಾರ ನಾ ಕಣ್ಣ ಬರಿಯಂಗಿಲ್ಲವ್ವಾ," ಅಂದಳು ದೊಡ್ಡವ್ವ. "ಕಣ್ಣ ತೆರೆದಾಕಿನ್ನ ಕತ್ತಲದಾಗ ಕೂಡಿಹಾಕಿದ್ರ ಆಕಿ ಸುಮ್ನ ಇರ್ತಾಳೇನು? ನನ್ನ ಮನ್ಯಾಗ ಸಣ್ಣ ಮಕ್ಕಳದಾವ."

ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಅಧಿಕಾರಿ ನಗಲಿಲ್ಲ. ದೇವಿಯ ಕಾಲ ಬಳಿ ಎಂದೂ ಆರದ ಸಣ್ಣ ದೀಪವೊಂದನ್ನು ಹಾಕಿಸಿದರು. ಮರುದಿನ ದೊಡ್ಡವ್ವ ಬಲಗೈಯನ್ನು ಎಡಗೈಯಿಂದ ಬಿಗಿಹಿಡಿದು ಕಣ್ಣು ಬರೆದಳು. ಬರೆದಾದ ಮೇಲೆ ತಲೆಯೆತ್ತಿ ನೋಡಲೇ ಇಲ್ಲ.

ಕೆಲವು ವರ್ಷ ನೆಮ್ಮದಿಯಿತ್ತು. ಆಮೇಲೆ ಸಂಗ್ರಹಾಲಯಕ್ಕೆ ಇನ್ನೂ ದೊಡ್ಡ ಕಟ್ಟಡ ಕಟ್ಟುತ್ತಾರೆ, ಎಲ್ಲವನ್ನೂ ಪೆಟ್ಟಿಗೆಗಳಲ್ಲಿ ಕಟ್ಟಿಡುತ್ತಿದ್ದಾರೆ ಎಂಬ ಸುದ್ದಿ ಬಂತು. ದೊಡ್ಡವ್ವ ನನ್ನಿಂದ ದೆಹಲಿಗೆ ಫೋನ್ ಮಾಡಿಸಿದಳು.

"ಪೆಟ್ಟಿಗಿ ಒಳಗ ದೀಪ ಐತೇನ್ ಕೇಳ."

ಕೇಳಿದೆ. "ಇಲ್ಲಂತ, ದೊಡ್ಡವ್ವ. ಹತ್ತಿ, ಬಟ್ಟಿ ಸುತ್ತಿ ಭಾಳ ಜ್ವಾಕಿಯಿಂದ ಇಟ್ಟಾರಂತ."

ಅವತ್ತಿನಿಂದ ಆಕೆಗೆ ನಿದ್ದೆ ಹತ್ತಲಿಲ್ಲ. ಮೊಮ್ಮಗನಿಗೆ ಜ್ವರ ಬಂದರೆ, "ಆಕಿ ಸಿಟ್ಟಾಗ್ಯಾಳ" ಎನ್ನುತ್ತಿದ್ದಳು. ನಾನು ಓದಿದವಳು, ಇಂಥದ್ದನ್ನೆಲ್ಲ ನಂಬದವಳು. ಆದರೂ ಕರೆಂಟು ಹೋದಾಗ ಮೊದಲು ದೀಪ ಹಚ್ಚಲು ಓಡುತ್ತಿದ್ದೆ... ಪೆಟ್ಟಿಗೆಗಳನ್ನು ಬಿಚ್ಚುವ ಮೊದಲೇ ದೊಡ್ಡವ್ವ ತೀರಿಕೊಂಡಳು.

ಈ ಸಲ ಬೇಸಿಗೆ ರಜೆಯಲ್ಲಿ ದೆಹಲಿಗೆ ಹೋಗಿದ್ದೆ. ಹೊಸ ಕಟ್ಟಡದ ಮೆಟ್ಟಿಲೇರಿದೆ. ಈಗ ಒಳಗೆ ಕಾಲಿಟ್ಟೊಡನೆ ಸಿಗುವುದೇ ನಮ್ಮ ದೇವಿ. ರಾಜರು, ಸಾಹೇಬರೆಲ್ಲ ಆಕೆಯ ಹಿಂದಿನ ಕೋಣೆಗಳಲ್ಲಿದ್ದಾರೆ. ಬಣ್ಣ ಮಾಸದಂತೆ ಕಾಯುವ ಗಾಜು ಹಾಕಿದ ದೊಡ್ಡ ಕಿಟಕಿಯಿಂದ ಹಗಲಿನ ಬೆಳಕು ಆಕೆಯ ಮುಖದ ಮೇಲೆ ಬೀಳುತ್ತಿತ್ತು.

ಊರಿಗೆ ಬಂದು ದೊಡ್ಡವ್ವನ ಸೊಸೆಗೆ ಇದನ್ನು ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಈ ಮಾತ ನಮ್ಮ ಅತ್ತಿಗಿ ಮುಟ್ಟಬೇಕಿತ್ರಿ ಅಕ್ಕಾರ," ಅಂದಳು. "ಅಂಜಿಕೋತನ ಹೋಗಿಬಿಟ್ರು."