ಹುಗ್ಗಿಯ ಸೌಟು ಬಿಟ್ಟುಕೊಟ್ಟ ಚಿಗವ್ವ

ಗದಗಿನ ಆಸ್ಪತ್ರೆಯೊಂದರಲ್ಲಿ ನನ್ನ ಪಾಳಿಗಾಗಿ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿದ್ದ ಹರ್ತಿ ಹಳ್ಳಿಯ ಹೆಂಗಸು ಬಸುರಿ ಮಗಳಿಗೆಂದು ತಂದಿದ್ದ ಡಬ್ಬಿಯ ಮುಚ್ಚಳ ತೆಗೆದಳು. ಗೋಧಿ ಹುಗ್ಗಿ. ಬೆಲ್ಲ, ಗಸಗಸೆ, ಚೂರು ಜಾಜಿಕಾಯಿ... ಆಸ್ಪತ್ರೆಯ ಫಿನಾಯಿಲ್ ವಾಸನೆಯನ್ನು ಪಕ್ಕಕ್ಕೆ ತಳ್ಳಿ ಆ ಘಮ ಮೂಗಿಗೆ ಬಂತು. ಅದು ಬಂದದ್ದೇ ತಡ, ನಾನು ಲಕ್ಷ್ಮೇಶ್ವರದಲ್ಲಿ ಟೀಚರಾಗಿದ್ದಾಗ ನಮ್ಮ ಎದುರುಮನೆಯಲ್ಲಿದ್ದ ಚಿಗವ್ವ ನೆನಪಾದಳು. ಅವಳು ನನಗೆ ಬಳಗವೇನಲ್ಲ. ಓಣಿಗೆ ಓಣಿಯೇ ಅವಳನ್ನು ಚಿಗವ್ವ ಎನ್ನುತ್ತಿತ್ತು, ಹಾಗಾಗಿ ನಾನೂ ಅಂದೆ.

ನಾನು ಆಸ್ಪತ್ರೆಗೆ ಹೋದದ್ದು ಮೈಯುರಿಗೆ. ಮುಟ್ಟು ನಿಂತು ವರ್ಷದ ಮೇಲಾಯಿತು. ಪಾಠ ಮಾಡುತ್ತಿರುವಾಗಲೇ ಎದೆಯಿಂದ ಝಳ ಎದ್ದು ಮುಖಕ್ಕೆ ಹತ್ತುತ್ತದೆ, ಬೋರ್ಡಿನ ಕಡೆ ತಿರುಗಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತೇನೆ. ಟೀಚರ್ ಅಳುತ್ತಿದ್ದಾರೆ ಎಂದು ಮಕ್ಕಳು ಪಿಸುಗುಟ್ಟಿದ್ದೂ ಉಂಟು. ರಾತ್ರಿ ನಿದ್ದೆ ಎಂಬುದು ಚೂರುಚೂರು. ಇದೆಲ್ಲ ಚಿಗವ್ವನಿಗೂ ಆಗಿತ್ತು. ಆದರೆ ಆಗ ನನಗೆ ಮೂವತ್ತರ ಆಸುಪಾಸು. ಅವಳ ಒದ್ದಾಟ ನೋಡಿ ಮರುಗುತ್ತಿದ್ದೆ, ಅಷ್ಟೇ. ಅರ್ಥವಾದದ್ದು ಈಗ.

ನಮ್ಮ ಓಣಿಯ ತುದಿಗೆ ಎಲ್ಲರೂ ಅವ್ವ ಎನ್ನುವ ದೇವಿಯ ಗುಡಿ ಇತ್ತು. ಒಂದೇ ಕೋಣೆಯ ಗುಡಿ, ಹಿಂದೆ ತಗಡು ಹೊದಿಸಿದ ಅಡುಗೆಮನೆ. ಪ್ರತಿ ಶುಕ್ರವಾರ ಅವ್ವನಿಗೆ ಗೋಧಿ ಹುಗ್ಗಿಯ ಎಡೆ. ಅದನ್ನು ಮಾಡುವವಳು ಮುಟ್ಟು ನಿಂತು ವರ್ಷ ಕಳೆದ ಹೆಣ್ಣುಮಗಳೇ ಆಗಬೇಕು ಎಂದು ಓಣಿಯ ನೇಮ. ಚಿಗವ್ವನ ಅತ್ತೆ ಬಹಳ ಕಾಲ ಆ ಸೌಟು ಹಿಡಿದಿದ್ದಳು. ಅಷ್ಟೂ ಕಾಲ ಚಿಗವ್ವ ಅಡುಗೆಮನೆಯ ಹೊಸ್ತಿಲಾಚೆ ನಿಂತು ಗೋಧಿ ಕುಟ್ಟಿಕೊಟ್ಟಳು, ನೀರು ಹೊತ್ತುಕೊಟ್ಟಳು, ಒಲೆಗೆ ಸಗಣಿಯ ಕುಳ್ಳು ಮುರಿದುಕೊಟ್ಟಳು. ಒಳಗೆ ಹೋಗಲಿಲ್ಲ. ಅತ್ತೆ ತೀರಿಕೊಂಡ ಮೇಲೆ, ಇವಳ ವರ್ಷವೂ ತುಂಬಿದ ಮೇಲೆ, ಓಣಿಯ ಹಿರಿಯರು ಸೌಟನ್ನು ಅವಳ ಕೈಗೆ ಕೊಟ್ಟರು.

ನನಗೆ ಈ ನೇಮ ಆಗಲೂ ಒಪ್ಪಿಗೆಯಿರಲಿಲ್ಲ, ಈಗಲೂ ಇಲ್ಲ. ದೇವಿಯೂ ಹೆಂಗಸಲ್ಲವೇ ಎಂದು ನಾನು ವಾದ ಹೂಡಿದರೆ ಚಿಗವ್ವ ನಕ್ಕು, "ನಿಮ್ಮ ಸಾಲಿ ಪಾಠ ಸಾಲ್ಯಾಗ ಇಟಗೋರಿ ಬಾಯಾರ" ಎನ್ನುತ್ತಿದ್ದಳು. ಆದರೆ ಶುಕ್ರವಾರ ಬೆಳಗ್ಗೆ ಅವಳು ಗುಡಿಗೆ ನಡೆದು ಹೋಗುವ ಠೀವಿ ನೋಡಬೇಕಿತ್ತು. ಮನೆಯಲ್ಲಿ ಹೊಲ, ಎತ್ತು, ಮಗನ ಮದುವೆ, ಯಾವುದಕ್ಕೂ ಅವಳ ಮಾತು ಕೇಳಿದವರಿಲ್ಲ. ಗುಡಿಯಲ್ಲಿ ಮಾತ್ರ ಬೆಲ್ಲ ಎಷ್ಟು, ಬೆಂಕಿ ಎಷ್ಟು, ಎಡೆ ಯಾವಾಗ ಎಂಬುದೆಲ್ಲ ಅವಳು ಹೇಳಿದಂತೆ. ಆ ಓಣಿಯಲ್ಲಿ ಹೆಣ್ಣಾಗಿ ವಯಸ್ಸಾದದ್ದಕ್ಕೆ ಸಿಗುತ್ತಿದ್ದ ಮರ್ಯಾದೆ ಅದೊಂದೇ ಆಗಿತ್ತು.

ಅದೇ ಹೊತ್ತಿಗೆ ಅವಳ ಮೈಯೊಳಗೆ ಬೇರೆಯೇ ಒಲೆ ಹೊತ್ತಿಕೊಂಡಿತ್ತು. ಚಳಿಗಾಲದಲ್ಲೂ ಹೊರಗಿನ ಕಟ್ಟೆಯ ಮೇಲೆ ಮಲಗುತ್ತಿದ್ದಳು. ಮಾತಾಡುತ್ತ ಮಾತಾಡುತ್ತ ಎದ್ದು ಹೋಗಿ ನೀರಿನ ಹರವಿಗೆ ಕೆನ್ನೆ ಆನಿಸಿ ನಿಂತುಬಿಡುವಳು. ಸಣ್ಣ ಮಾತಿಗೂ ಸಿಡಿಯುವಳು, ಸಿಡಿದು ಅರ್ಧ ಗಂಟೆಗೆ ಬಂದು ಕಣ್ಣೀರು ಹಾಕುವಳು. ಮೊದಮೊದಲು ಚೇಷ್ಟೆ ಮಾಡುತ್ತಿದ್ದ ಅವಳ ಗಂಡ ಆಮೇಲೆ ಹೊಲದ ಮನೆಯಲ್ಲೇ ಮಲಗತೊಡಗಿದ. ಸೊಸೆ ಅಡುಗೆಮನೆಯಲ್ಲಿ ಅವಳಿಗೆ ಬೆನ್ನು ಕೊಟ್ಟೇ ಇರುತ್ತಿದ್ದಳು. "ನಾ ಹಿಂಗ ಇರಲಿಲ್ರೀ ಬಾಯಾರ... ನನಗ ಏನಾಗೇತಿ ನನಗ ತಿಳಿವಲ್ದು" ಎಂದು ಒಮ್ಮೆ ನನ್ನ ಕೈ ಹಿಡಿದುಕೊಂಡಳು. ಆ ಕೈ ಬೆವರಿನಿಂದ ಒದ್ದೆಯಾಗಿತ್ತು.

ಒಂದು ಶುಕ್ರವಾರ ಗುಡಿಯ ಒಲೆಯ ಮುಂದೆಯೇ ತಲೆಸುತ್ತಿ ಬಿದ್ದಳು. ಹುಗ್ಗಿಗೆ ಏನೂ ಆಗಲಿಲ್ಲ, ಅವಳ ಹಣೆಗೆ ಬುಗುಟಿ ಬಂತು. ಇನ್ನೊಂದು ಸಲ ಬಿದ್ದರೆ ಸೌಟು ಹೋಗುತ್ತದೆ ಎಂಬ ಹೆದರಿಕೆಗೆ ಆಸ್ಪತ್ರೆಗೆ ಬರಲು ಒಪ್ಪಿದಳು. ನಾನೇ ಜೊತೆಗೆ ಹೋದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಗದಗು ಬರುವವರೆಗೂ ಗಾಳಿಗೆ ಮುಖ ಒಡ್ಡಿದ್ದಳು.

ಡಾಕ್ಟರು ಕೆಟ್ಟವರಲ್ಲ. ಸರಿಯಾಗಿಯೇ ನೋಡಿದರು. ಬಿ.ಪಿ. ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಗರ್ಭಚೀಲ ತೆಗೆಸಿದ್ದಾರಾ, ಮನೆಯಲ್ಲಿ ಯಾರಿಗಾದರೂ ಎದೆಯ ಗಂಟಿನ ಕಾಯಿಲೆ ಇತ್ತಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ ಎಂದೆಲ್ಲ ಕೇಳಿದರು. ಮೈಯಲ್ಲಿ ಕಡಿಮೆಯಾದ ಹಾರ್ಮೋನನ್ನು ಗುಳಿಗೆಯಿಂದ ತುಂಬಿಕೊಡಬಹುದು, ಉರಿ ತಗ್ಗುತ್ತದೆ ಎಂದರು. ದಿನಾ ಒಂದು ತೆಗೆದುಕೊಂಡು ತಿಂಗಳ ಮೇಲೆ ಬನ್ನಿ ಎಂದು ಚೀಟಿ ಕೊಟ್ಟರು. ಹೊರಗೆ ಬಾಗಿಲವರೆಗೂ ಜನ ನಿಂತಿದ್ದರು. ಒಳಗೆ ಇನ್ನೊಬ್ಬಳು ಬಂದು ಕುಳಿತೇಬಿಟ್ಟಿದ್ದಳು.

ಆಮೇಲಿನ ಮೂರು ವಾರ... ಅವನ್ನು ನೆನೆದರೆ ಈಗಲೂ ನಗು ಬರುತ್ತದೆ. ಮೊದಲ ವಾರ ಏನೂ ಆಗಲಿಲ್ಲ. ಎದೆ ಭಾರವಾದ ಹಾಗಿದೆ ಎಂದು ಗೊಣಗಿದಳು, ಗುಳಿಗೆ ಬೀಸಾಕುತ್ತೇನೆ ಎಂದಳು. ಎರಡನೆಯ ವಾರ ಕಟ್ಟೆಯಿಂದ ಒಳಗೆ ಹೋಗಿ ಮಲಗಿದಳು. ಆಮೇಲೊಂದು ಬೆಳಗ್ಗೆ ನಾನಿನ್ನೂ ಅಂಗಳ ಗುಡಿಸುತ್ತಿದ್ದೆ, ದಾರಿ ದಾಟಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಿನ್ನಿ ರಾತ್ರಿ ಯಾರರ ನನ್ನ ಹೊತಗೊಂಡು ಹೋಗಿದ್ರೂ ನನಗ ಖಬರ ಇರತಿದ್ದಿಲ್ಲ ನೋಡ್ರಿ. ಅಂಥಾ ನಿದ್ದಿ!" ಎಂದಳು. ಸೊಸೆಗೆ ತಾನೇ ತಲೆ ಬಾಚಿ ಹೆರಳು ಹಾಕಿದಳು. ಹೊಲದಿಂದ ಗಂಡನನ್ನು ಕರೆಸಿ ಬದನೆಕಾಯಿ ಎಣ್ಣೆಗಾಯಿ ಮಾಡಿ ಬಡಿಸಿದಳು. ಆ ವಾರದ ಹುಗ್ಗಿಯಂಥ ಹುಗ್ಗಿ ನಾನು ಮತ್ತೆ ಉಂಡಿಲ್ಲ. ಇದು ಪ್ರೀತಿಯ ಮಾತಿರಬಹುದು, ಇರಲಿ.

ತಿಂಗಳ ಗುಳಿಗೆ ಮುಗಿಯುತ್ತ ಬಂದಿತ್ತು. ಒಂದು ಗುರುವಾರ ಮಧ್ಯಾಹ್ನ ಚಿಗವ್ವ ನಮ್ಮ ಮನೆಗೆ ಬಂದು ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತಳು. ಮುಖ ಬೂದಿಯಾಗಿತ್ತು.

"ನಾ ಹೊರಗಾಗೇನ್ರಿ ಬಾಯಾರ..."

ನಿಂತು ವರ್ಷ ಕಳೆದಿದ್ದ ಮುಟ್ಟು ತಿರುಗಿ ಬಂದಿತ್ತು. ಗುಳಿಗೆಯದೇ ಕೆಲಸವಿರಬೇಕು, ಡಾಕ್ಟರನ್ನು ಕೇಳೋಣ, ನಾಳೆಯೇ ಗದಗಿಗೆ ಹೋಗೋಣ ಎಂದೆ. ಅವಳು ಒಲ್ಲೆ ಎಂದು ತಲೆಯಾಡಿಸಿದಳು. ನಾಳೆ ಶುಕ್ರವಾರ. ಯಾರಿಗೂ ಗೊತ್ತಾಗುವುದಿಲ್ಲ, ಸುಮ್ಮನೆ ಹುಗ್ಗಿ ಮಾಡು ಎಂದೂ ಅಂದೆ. ಆಗ ಅವಳು ನನ್ನನ್ನು ನೋಡಿದ ರೀತಿ ಮರೆತಿಲ್ಲ. "ಓಣಿ ಮಂದೀಗೆ ಗೊತ್ತಾಗೂದಿಲ್ಲರಿ. ಅವ್ವಗ?" ಎಂದಳು.

ಸಂಜೆಯೇ ಹೋಗಿ ಹಿರಿಯರ ಮುಂದೆ ಇದ್ದದ್ದು ಇದ್ದಂತೆ ಹೇಳಿ ಸೌಟು ಬಿಟ್ಟುಕೊಟ್ಟಳು. ಹಿಂದಿನ ಓಣಿಯ ಇನ್ನೊಬ್ಬ ಮುದುಕಿ ಅದನ್ನು ಇಸಿದುಕೊಂಡಳು. ಸುಮ್ಮನಿದ್ದರೆ ಅದು ಓಣಿಯೇ? ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಅಜ್ಜಿಗೆ ಹರೆಯ ಬಂತು ಎಂದು ನೀರಿನ ನಳದ ಹತ್ತಿರ ಕಿಸಕ್ಕನೆ ನಕ್ಕರು. ಆ ನಗು ಅವಳ ಕಿವಿಗೂ ಬಿತ್ತು. ಉಳಿದ ಗುಳಿಗೆಗಳನ್ನು ತಿಪ್ಪೆಗೆ ಚೆಲ್ಲಿದಳು. ನಾನು ಎಷ್ಟು ಕರೆದರೂ ಮತ್ತೆ ಗದಗಿಗೆ ಬರಲಿಲ್ಲ. "ಹೋದದ್ದನ್ನ ಕರದು ತರೂ ಗುಳಿಗಿ ಬ್ಯಾಡ್ರಿ ನನಗ. ಉರದರ ಉರೀಲಿ. ಇನ್ನೊಂದು ವರ್ಷ ಕಾಯತೇನಿ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಳು.

ಕಾದಳು. ಹೇಗೆ ಕಾದಳು ಎಂದು ಎದುರುಮನೆಯಲ್ಲಿದ್ದ ನಾನು ಕಂಡಿದ್ದೇನೆ. ಉರಿ ಮೊದಲಿಗಿಂತ ಜೋರಾಗಿ ತಿರುಗಿ ಬಂತು. ಮತ್ತೆ ಕಟ್ಟೆ, ಮತ್ತೆ ಹರವಿ. ಸೊಸೆ ಬೇರೆ ಒಲೆ ಹೂಡಿದಳು. ಗಂಡ ಹೊಲದ ಮನೆಯಿಂದ ಹಬ್ಬಕ್ಕೆ ಮಾತ್ರ ಬರುವವನಾದ. ನಿದ್ದೆಗೆಟ್ಟ ಕಣ್ಣುಗಳಲ್ಲಿ ಚಿಗವ್ವ ಪ್ರತಿ ಶುಕ್ರವಾರ ಹೊಸ್ತಿಲಾಚೆ ನಿಂತು ಮೊದಲಿನ ಹಾಗೆ ಗೋಧಿ ಕುಟ್ಟಿಕೊಟ್ಟಳು.

ವರ್ಷ ತುಂಬಿ ಸೌಟು ತಿರುಗಿ ಅವಳ ಕೈಗೆ ಬಂತು. ಅಷ್ಟರಲ್ಲಿ ನನಗೆ ಬೆಟಗೇರಿಯ ಶಾಲೆಗೆ ವರ್ಗವಾಯಿತು. ಹೋದಾಗಲೆಲ್ಲ ಭೇಟಿಯಾಗುತ್ತಿದ್ದೆ. ಹುಗ್ಗಿ ಮಾಡುತ್ತಿದ್ದಳು, ಆದರೆ ಆ ಠೀವಿ ಇರಲಿಲ್ಲ. ಮೈ ಬಡವಾಗಿತ್ತು, ಮಾತು ಕಡಿಮೆಯಾಗಿತ್ತು. ಕೆಲವು ವರ್ಷದ ಮೇಲೆ ಬಚ್ಚಲಲ್ಲಿ ಸುಮ್ಮನೆ ಕೈಯೂರಿ ಕುಸಿದಳಂತೆ, ಬಲಗೈ ಮಣಿಕಟ್ಟು ಮುರಿಯಿತು. ಎಲುಬು ಟೊಳ್ಳಾಗಿದೆ ಎಂದರಂತೆ. ಹುಗ್ಗಿ ತಿರುವುವ ಕೈ ಅದು. ಗುಳಿಗೆ ಬಿಡದಿದ್ದರೆ ಮುರಿಯುತ್ತಿರಲಿಲ್ಲ ಎಂದು ನಾನು ಹೇಳಲಾರೆ, ಹೇಳುವಷ್ಟು ಓದಿದವಳೂ ಅಲ್ಲ. ಕೈ ಕೂಡಿತು, ಬಲ ಬರಲಿಲ್ಲ. ಸೌಟು ಎರಡನೆಯ ಸಲ ಹೋಯಿತು. ಈಗ ನಾಲ್ಕೈದು ವರ್ಷದ ಕೆಳಗೆ ಜ್ವರದಲ್ಲಿ ತೀರಿಕೊಂಡಳು. ಶಾಲೆಯ ಪರೀಕ್ಷೆಯ ದಿನಗಳು, ನನಗೆ ಮಣ್ಣಿಗೂ ಹೋಗಲಾಗಲಿಲ್ಲ...

ನನ್ನ ಹೆಸರು ಕೂಗಿದರು. ಒಳಗಿದ್ದ ಡಾಕ್ಟರಮ್ಮ ನನಗಿಂತ ಚಿಕ್ಕವಳು, ಸಮಾಧಾನದಿಂದ ಮಾತಾಡುವವಳು. ಹಾರ್ಮೋನ್ ಗುಳಿಗೆ ಬರೆಯಬಹುದು ಎಂದಳು. ನಾನು ಬಿಡಲಿಲ್ಲ, ಕೇಳಿದ್ದೇ ಕೇಳಿದ್ದು. ಉರಿ ಕೆಲವು ವಾರದಲ್ಲಿ ತಗ್ಗುತ್ತದೆ, ಪೂರ್ತಿ ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಮೊದಮೊದಲು ಎದೆ ನೋಯಬಹುದು, ಹೊಟ್ಟೆ ಉಬ್ಬರಿಸಬಹುದು, ಆಗೊಮ್ಮೆ ಈಗೊಮ್ಮೆ ಸ್ವಲ್ಪ ರಕ್ತದ ಕಲೆ ಕಾಣಬಹುದು. ಅದು ನಿಲ್ಲದೆ ಮುಂದುವರಿದರೆ ಬರಬೇಕು. ರಕ್ತ ಹೆಪ್ಪುಗಟ್ಟುವ, ಎದೆಯ ಕ್ಯಾನ್ಸರಿನ ಅಪಾಯ ಸ್ವಲ್ಪ ಹೆಚ್ಚಾಗಬಹುದು, ಅದಕ್ಕೇ ಎಲ್ಲರಿಗೂ ಕೊಡುವುದಿಲ್ಲ, ಕೊಟ್ಟವರನ್ನು ಆಗಾಗ ಕರೆದು ನೋಡುತ್ತಾರೆ. ಇಷ್ಟೆಲ್ಲ ಹೇಳಿದ ಮೇಲೂ ನಾನು ಏಳಲಿಲ್ಲ.

"ತಿಂಗಳಾ ತಿಂಗಳಾ ಮುಟ್ಟು ತಿರುಗಿ ಬರತೈತೇನ್ರಿ?" ಎಂದೆ.

"ಮುಟ್ಟು ತರೂದು ಬ್ಯಾರೆ ಥರದ ಗುಳಿಗಿರಿ. ನಿಮಗ ನಿಂತು ವರ್ಷ ದಾಟೇತಲ್ಲ, ಮುಟ್ಟು ಬರಲಾರದಂಥಾದ್ದನ್ನ ಬರದೇನಿ."

ಚಿಗವ್ವನ ಕತೆಯನ್ನು ಎರಡು ಮಾತಿನಲ್ಲಿ ಹೇಳಿದೆ. ಅವಳು ಪೆನ್ನು ಕೆಳಗಿಟ್ಟು ಕೇಳಿದಳು. ಆಗಲೂ ಈ ಥರದ ಗುಳಿಗೆ ಇತ್ತೇ ಎಂದು ಕೇಳಿದೆ. ಇಲ್ಲ ಎಂದರೆ ಸಾಕು ಎಂದು ಮನಸ್ಸು ಬೇಡುತ್ತಿತ್ತು.

"ಇತ್ತರಿ" ಎಂದಳು. "ಒಂದು ಸಲ ತಿರುಗಿ ಬಂದು ಹೇಳಿದ್ರ ಬದಲಿ ಮಾಡಿಕೊಡತಿದ್ರು."

ಚೀಟಿ ಹಿಡಿದು ಹೊರಗೆ ಬಂದೆ. ಮುಟ್ಟು ತಿರುಗಿ ಬರಬಹುದು, ಬಂದರೆ ಹೆದರಬೇಡ, ಬಂದು ಹೇಳು ಎಂದು ಅಂದು ಯಾರೂ ಅವಳಿಗೆ ಹೇಳಲಿಲ್ಲ. ಅವಳ ಶುಕ್ರವಾರಗಳ ಬಗ್ಗೆ ಡಾಕ್ಟರಿಗೆ ಗೊತ್ತಿರಲಿಲ್ಲ. ಡಾಕ್ಟರಿಗೆ ಗೊತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ.

ಈಗ ಮೂರು ತಿಂಗಳಾಯಿತು. ರಾತ್ರಿ ಮಲಗಿದರೆ ಬೆಳಗ್ಗೆಯೇ ಎಚ್ಚರ. ಮೈ ಹಗುರಾಗಿ ಏಳುತ್ತೇನೆ, ಎದ್ದ ಕ್ಷಣವೇ ಎದುರುಮನೆಯ ಆ ಕಟ್ಟೆ ನೆನಪಾಗುತ್ತದೆ. ಚಿಗವ್ವ ನಿದ್ದೆಯನ್ನು ಬಿಟ್ಟು ಸೌಟನ್ನು ಆರಿಸಿಕೊಂಡಳು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅವಳು ಆರಿಸಿಕೊಳ್ಳಬೇಕಾಗಿಯೇ ಇರಲಿಲ್ಲ.